ಬೆಳಕು ರಸ್ತೆಗೆ, ಎದುರಿನವರ ಕಣ್ಣಿಗಲ್ಲ

ಎಸ್.ಪಿ. ರೋಡಿನಿಂದ ಸಾಮಾನು ತಂದು ಸೈಕಲ್ಲಿಗೆ ಎಲ್‌ಇಡಿ ಹೆಡ್‌ಲೈಟು ನಾನೇ ಮಾಡಿಕೊಳ್ತೀನಿ ದೊಡ್ಡಪ್ಪ ಅಂದೆಯಲ್ಲ, ಬಹಳ ಸಂತೋಷ ಮಗು, ಮಾಡು. ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹತ್ತರ ಮೇಲೆ ಲಗ್ಗೆರೆ ಕಡೆ ತುಳಿದುಕೊಂಡು ಬರುವವನಿಗೆ ದೀಪ ಬೇಕೇ ಬೇಕು. ಅಂಗಡಿಯಲ್ಲಿ ಹತ್ತು ವಾಟಿಂದು ತೋರಿಸ್ತಾರೆ, ಇಪ್ಪತ್ತು ವಾಟಿಂದೂ ತೋರಿಸ್ತಾರೆ. ಬೇಡ. ಮೂರು ವಾಟಿನ ಎಲ್‌ಇಡಿ ಒಂದೇ ಒಂದು ತಗೋ.

ಯಾಕೆ ಅಂತ ಲೆಕ್ಕ ಹಾಕಿ ನೋಡು. ಗಂಟೆಗೆ 20 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಗುಂಡಿ ಕಣ್ಣಿಗೆ ಬಿದ್ದು ಕೈ ಬ್ರೇಕು ಹಿಡಿಯೋ ಹೊತ್ತಿಗೆ ಎಂಟು ಮೀಟರ್ ಹೋಗಿರ್ತೀಯ. ಸೈಕಲ್ ನಿಲ್ಲೋಕೆ ಇನ್ನೂ ನಾಲ್ಕು ಮೀಟರ್, ಮಳೆಯಲ್ಲಾದರೆ ಅದಕ್ಕಿಂತ ಜಾಸ್ತಿ. ಹದಿನೈದು, ಇಪ್ಪತ್ತು ಮೀಟರ್ ಮುಂದಿನ ನೆಲ ಕಂಡರೆ ನೀನು ಕ್ಷೇಮ. ನಿಮ್ಮಪ್ಪನೂ ನಾನೂ ಓಡಿಸುತ್ತಿದ್ದ ಸೈಕಲ್ಲಿಗೆ ಟೈರಿಗೆ ಉಜ್ಜುವ ಡೈನಮೋ ಇತ್ತು, 6 ವೋಲ್ಟಿನದು, ಮುಂದಿನ ಬಲ್ಬು 2.4 ವಾಟು. ತಂತಿ ಕಾಯಿಸಿ ಉರಿಯುವ ಆ ಬಲ್ಬಿನಿಂದ ವಾಟಿಗೆ ಹತ್ತು ಹನ್ನೆರಡು ಲುಮೆನ್ ಬಂದರೆ ಹೆಚ್ಚು. ದಿಣ್ಣೆ ಹತ್ತುವಾಗ ಮಂಕಾಗೋದು, ನಿಂತರೆ ಆರಿಹೋಗೋದು. ಈಗಿನ ಒಳ್ಳೆ ಎಲ್‌ಇಡಿ ವಾಟಿಗೆ ನೂರು ಲುಮೆನ್ ಕೊಡುತ್ತೆ. ಅಷ್ಟು ಬೆಳಕನ್ನು ಸರಿಯಾದ ಜಾಗಕ್ಕೆ ಬೀಳಿಸಿದರೆ ಯಾವ ಗುಂಡಿಯೂ ಬಚ್ಚಿಟ್ಟುಕೊಳ್ಳಲಾರದು.

ಎಲ್‌ಇಡಿಯ ನಡುವೆ ಹಳದಿ ಚುಕ್ಕೆ ಇರುತ್ತೆ, ಅದಕ್ಕೆ ಬೆರಳು ತಾಗಿಸಬೇಡ. ಒಳಗಿನ ಚಿಪ್ಪು ಕೊಡೋದು ನೀಲಿ ಬೆಳಕು. ಮೇಲಿನ ಹಳದಿ ಲೇಪ ಅದನ್ನು ಬಿಳಿಯಾಗಿ ಕಾಣುವ ಹಾಗೆ ಮಾಡುತ್ತೆ. ಆ ನೀಲಿ ದಕ್ಕಿಸಿಕೊಟ್ಟಿದ್ದಕ್ಕೇ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅಂಥ ವಸ್ತು ಇವತ್ತು ನಿನ್ನಂಥ ಹುಡುಗನ ಜೇಬಿಗೆ ಎಟುಕುತ್ತೆ ಅನ್ನೋದು ನನಗೆ ಈಗಲೂ ಬೆರಗು.

ಎಲ್‌ಇಡಿಯನ್ನು ಬ್ಯಾಟರಿಗೆ ನೇರ ಜೋಡಿಸಬೇಡ. ಸುಮಾರು 3 ವೋಲ್ಟಿಗೆ ಉರಿಯುವ ಎಲ್‌ಇಡಿಗೆ ವೋಲ್ಟೇಜು ಚೂರು ಏರಿದರೂ ಕರೆಂಟು ಎಷ್ಟೋ ಪಟ್ಟು ಏರಿಬಿಡುತ್ತೆ. ಒಂದು ಲಿಥಿಯಂ ಸೆಲ್ಲಿಗೆ ಹೊಂದುವ, ಕರೆಂಟನ್ನು 700 ಮಿಲಿಆಂಪಿಗೆ ಕಟ್ಟಿಹಾಕುವ ಡ್ರೈವರ್ ಬೋರ್ಡು ಕೇಳಿ ತಗೋ.

ಇನ್ನು ಶಾಖ. ಹೆಚ್ಚಿನವರು ಕೆಡಿಸಿಕೊಳ್ಳೋದು ಇಲ್ಲೇ. ಎಲ್‌ಇಡಿ ಮುಂದೆ ತಣ್ಣಗಿದೆ ಅಂತ ಮೋಸ ಹೋಗಬೇಡ. ತಿನ್ನುವ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಬೆನ್ನಿನ ಕಡೆಯಿಂದಲೇ ಹೊರಗೆ ಹೋಗಬೇಕು. ಪ್ಲಾಸ್ಟಿಕ್ ಟಾರ್ಚಿನ ಡಬ್ಬಿಯಲ್ಲಿ ಕೂರಿಸಿದರೆ ಆ ಬಿಸಿಗೆ ದಾರಿಯಿಲ್ಲ, ಬೆಳಕು ದಿನೇ ದಿನೇ ಕುಗ್ಗುತ್ತೆ. ಬೆನ್ನಿಗೆ ಬಿಸಿ ಎಳೆದುಕೊಳ್ಳುವ ಲೋಹ ಬೇಕು. ಹಳೇ ಕಂಪ್ಯೂಟರಿನ ಹೀಟ್‌ಸಿಂಕು ಆಗುತ್ತೆ, ದಪ್ಪ ಅಲ್ಯೂಮಿನಿಯಂ ಚಾನಲ್ಲಿನ ತುಂಡೂ ಆಗುತ್ತೆ. ವೈರಿನ ಬೆಸುಗೆ ಮೊದಲು ಮುಗಿಸು, ಹೀಟ್‌ಸಿಂಕಿಗೆ ಕೂರಿಸೋದು ಆಮೇಲೆ. ಮೊದಲೇ ಕೂರಿಸಿದರೆ ಬೆಸುಗೆಯ ಬಿಸಿಯನ್ನೆಲ್ಲ ಅದೇ ಎಳೆದುಕೊಂಡು ಸೀಸ ಹರಿಯೋದೇ ಇಲ್ಲ. ನಡುವೆ ಥರ್ಮಲ್ ಪೇಸ್ಟು ತೆಳ್ಳಗೆ ಸವರು. ಸ್ಕ್ರೂ ತಲೆ ಬೆಸುಗೆಗೆ ತಾಗದ ಹಾಗೆ ಫೈಬರ್ ವಾಷರ್ ಹಾಕು. ಗಾಳಿಯಿಲ್ಲದ ಕೋಣೆಯಲ್ಲಿ ಕಾಲು ಗಂಟೆ ಉರಿಸಿ ಬೆನ್ನು ಮುಟ್ಟಿ ನೋಡು. ಕೈಯಿಟ್ಟು ಹಿಡಿದುಕೊಳ್ಳೋಕೆ ಆದರೆ ಸರಿ, ಆಗದಿದ್ದರೆ ಇನ್ನೂ ದೊಡ್ಡ ಹೀಟ್‌ಸಿಂಕು ಬೇಕು.

ಸೆಲ್ಲು 18650 ಅನ್ನುವುದು, 3.7 ವೋಲ್ಟು. ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ಲು ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡ. ಹೊಸದು ತಗೊಂಡು ರಕ್ಷಣೆಯ ಬೋರ್ಡಿರುವ ಚಾರ್ಜರ್ ಮಾಡ್ಯೂಲ್ ಜೊತೆಗೇ ಜೋಡಿಸು. ಸೆಲ್ಲಿನ ಮೈಮೇಲೆ ಬೆಸುಗೆ ಕಡ್ಡಿ ಇಡಲೇಬಾರದು, ಹೋಲ್ಡರ್ ಸಿಗುತ್ತೆ. 2600 ಮಿಲಿಆಂಪ್ ಅವರ್ ಸೆಲ್ಲು ಮೂರೂವರೆ ಗಂಟೆ ಉರಿಸುತ್ತೆ. ಚಾರ್ಜಿಗೆ ಹಾಕಿ ಮಲಗಿಬಿಡಬೇಡ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಲೆನ್ಸು ಹತ್ತು ಡಿಗ್ರಿಯದೇ ತಗೋ. ಅರವತ್ತು ಡಿಗ್ರಿಯದು ಹಾಕಿದರೆ ಬೆಳಕಿನ ಅರ್ಧ ಪಾಲು ಮರಕ್ಕೂ ಎದುರು ಬರುವವರ ಮುಖಕ್ಕೂ ಹೋಗುತ್ತೆ. ನನ್ನ ವಯಸ್ಸಿನವರ ಕಣ್ಣಲ್ಲಿ ಪೊರೆ ಕಟ್ಟಿರುತ್ತೆ ಮಗು. ಎದುರಿನ ಬೆಳಕು ಆ ಪೊರೆಯಲ್ಲಿ ಚದುರಿ ಕಣ್ಣ ತುಂಬಾ ಬಿಳಿ ಹರಡುತ್ತೆ. ದೀಪ ದಾಟಿಹೋದ ಮೇಲೂ ಕೆಲವು ಸೆಕೆಂಡು ಫುಟ್‌ಪಾತಿನ ಅಂಚು ಯಾವುದು, ಚರಂಡಿ ಯಾವುದು ತಿಳಿಯೋದಿಲ್ಲ. ಆ ಹೊತ್ತಲ್ಲಿ ನಾನು ಅಲ್ಲಾಡದೆ ನಿಂತುಬಿಡ್ತೀನಿ. ನಿನ್ನ ದೀಪದಿಂದ ಯಾರಿಗೂ ಹಾಗಾಗಬಾರದು. ಜರ್ಮನಿಯಲ್ಲಿ ಸೈಕಲ್ ದೀಪದ ಬೆಳಕಿಗೆ ಮೇಲ್ಗಡೆ ಅಂಚು ಕತ್ತರಿಸಿದಂತಿರಬೇಕು, ಎದುರಿನವರ ಕಣ್ಣು ಕುಕ್ಕಬಾರದು ಅಂತ ಕಾನೂನೇ ಇದೆ. ನಮಗೆ ಅಂಥ ಲೆನ್ಸು ಇಲ್ಲದಿದ್ದರೂ ಓರೆ ಸರಿ ಮಾಡಿದರೆ ಅದರ ಹತ್ತಿರಕ್ಕೆ ಬರಬಹುದು. ಸಮ ನೆಲದಲ್ಲಿ ದೀಪ ಗೋಡೆಯಿಂದ ಐದು ಮೀಟರ್ ದೂರ ಇರುವಂತೆ ಸೈಕಲ್ ನಿಲ್ಲಿಸು. ದೀಪ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ, ಗೋಡೆ ಮೇಲಿನ ಬೆಳಕಿನ ನಡುಬಿಂದು ಅರ್ಧ ಮೀಟರಿನಲ್ಲಿ ಬೀಳಬೇಕು. ಆಗ ರಸ್ತೆಯಲ್ಲಿ ನಡುಬೆಳಕು ಹತ್ತು ಮೀಟರಿಗೆ ಬೀಳುತ್ತೆ, ಅಂಚಿನ ಬೆಳಕು ಅದರಾಚೆಗೂ ಹೋಗುತ್ತೆ, ಯಾರ ಕಣ್ಣಿನ ಮಟ್ಟಕ್ಕೂ ಏರೋದಿಲ್ಲ. ಮಿಣಿಮಿಣಿ ಮಿನುಗಿಸಲೂ ಬೇಡ, ಮಿನುಗುವ ದೀಪ ಎಷ್ಟು ದೂರದಲ್ಲಿದೆ ಅನ್ನೋದು ಎದುರಿನವರಿಗೆ ಅಂದಾಜಾಗೋದಿಲ್ಲ.

ಗುಂಡಿ ಹಾರಿದಾಗ ಈ ಓರೆ ಕದಲಬಾರದು. ಹ್ಯಾಂಡಲ್ಲಿಗೆ ಹಳೇ ಟ್ಯೂಬಿನ ತುಂಡು ಸುತ್ತಿ ಅದರ ಮೇಲೆ ಕ್ಲಾಂಪು ಬಿಗಿ. ವೈರು ಒಂದೇ ಎಳೆಯದ್ದಾದರೆ ಅದುರಿ ಅದುರಿ ಮುರಿಯುತ್ತೆ, ಹಲವು ಎಳೆಯದ್ದು ಹಾಕಿ ಬೆಸುಗೆಯ ಹತ್ತಿರ ಸ್ವಲ್ಪ ಸಡಿಲ ಬಿಡು. ಮಳೆನೀರು ವೈರು ಹಿಡಿದು ಒಳಗೆ ಹರಿಯದ ಹಾಗೆ ಕೆಳಕ್ಕೆ ಬಾಗಿಸಿ ಒಳಗೆ ತಗೋ.

ಹಿಂದಕ್ಕೊಂದು ಕೆಂಪು ದೀಪ ಮರೆಯಬೇಡ, ಲಾರಿ ಬರೋದು ಬೆನ್ನ ಹಿಂದಿನಿಂದ. ಶನಿವಾರ ಸಾಮಾನು ತಂದಿಟ್ಟುಕೊಂಡು ಭಾನುವಾರ ಸೈಕಲ್ ಸಮೇತ ಮನೆಗೆ ಬಾ. ಬೆಸುಗೆ ಕಡ್ಡಿ, ಮಲ್ಟಿಮೀಟರ್ ನನ್ನ ಹತ್ತಿರ ಇವೆ. ಕತ್ತಲಾದ ಮೇಲೆ ಎದುರಿನಿಂದ ನಡೆದು ಬಂದು ಕಣ್ಣಿಗೆ ಹೊಡೆಯುತ್ತಾ ಇಲ್ಲವಾ ನಾನೇ ನೋಡಿ ಹೇಳ್ತೀನಿ.