ಕರುಳುಬಾಲವನ್ನು ತೆಗೆದ ಮೇಲೆ

1902ನೆಯ ಇಸವಿ ಜೂನ್ 26ರಂದು ಇಂಗ್ಲೆಂಡಿನ ದೊರೆ ಏಳನೆಯ ಎಡ್ವರ್ಡನ ಪಟ್ಟಾಭಿಷೇಕ ನಡೆಯಬೇಕಾಗಿದ್ದಿತು. ದೇಶದೇಶಗಳ ರಾಜಪ್ರತಿನಿಧಿಗಳು ಲಂಡನ್ನಿಗೆ ಬಂದು ನೆರೆದಿದ್ದರು. ಇನ್ನೆರಡೇ ದಿನಗಳಿರುವಾಗ, 24ರಂದು, ಫ್ರೆಡರಿಕ್ ಟ್ರೀವ್ಸ್ ಎಂಬ ಶಸ್ತ್ರವೈದ್ಯನು ದೊರೆಯ ಹೊಟ್ಟೆಯನ್ನು ಕೊಯ್ದು ಒಳಗೆ ಕಟ್ಟಿಕೊಂಡಿದ್ದ ಕೀವನ್ನು ಹೊರಗೆಡಹಬೇಕಾಯಿತು. ಪಟ್ಟಾಭಿಷೇಕವು ಆಗಸ್ಟ್ 9ಕ್ಕೆ ಮುಂದೆ ಹೋಯಿತು. ಸಾಮ್ರಾಜ್ಯದ ಉತ್ಸವವನ್ನೇ ತಡೆದು ನಿಲ್ಲಿಸಿದುದು ಕಿರುಬೆರಳಿನಷ್ಟು ಗಾತ್ರದ ಒಂದು ಅಂಗ.

ಸಣ್ಣಕರುಳು ದೊಡ್ಡಕರುಳನ್ನು ಕೂಡುವೆಡೆಯಲ್ಲಿ, ಹೊಟ್ಟೆಯ ಬಲಭಾಗದ ಕೆಳಗಡೆ, ಒಂದು ಕಡೆ ಮುಚ್ಚಿದ ಕೊಳವೆಯಂತೆ ಈ ಅಂಗವು ಜೋತುಬಿದ್ದಿರುತ್ತದೆ. ಶಾಸ್ತ್ರಗ್ರಂಥಗಳಲ್ಲಿ ಆಂತ್ರಪುಚ್ಛ, ಆಡುಮಾತಿನಲ್ಲಿ ಕರುಳುಬಾಲ, ಆಸ್ಪತ್ರೆಯಲ್ಲಿ ಅಪೆಂಡಿಕ್ಸ್. ಉದ್ದ ಸಾಮಾನ್ಯವಾಗಿ 8–9 ಸೆಂಟಿಮೀಟರ್. ಇದು ನಮ್ಮ ಪೂರ್ವಜ ಪ್ರಾಣಿಗಳಿಂದ ಉಳಿದುಬಂದ ನಿರುಪಯುಕ್ತ ಅವಶೇಷವೆಂದು ಚಾರ್ಲ್ಸ್ ಡಾರ್ವಿನ್ 1871ರಲ್ಲಿ ಅಭಿಪ್ರಾಯಪಟ್ಟನು. 1886ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಸ್ ಎಂಬ ವೈದ್ಯನು ಇದರ ಉರಿಯೂತಕ್ಕೆ 'ಅಪೆಂಡಿಸೈಟಿಸ್' ಎಂಬ ಹೆಸರನ್ನಿತ್ತು, ಕಾಲವಿಳಂಬವಿಲ್ಲದೆ ಶಸ್ತ್ರಕ್ರಿಯೆ ಮಾಡಬೇಕೆಂದು ವಾದಿಸಿದನು. ಅಲ್ಲಿಂದ ಮುಂದೆ ಇದ್ದರೆ ಅಪಾಯ, ತೆಗೆದರೆ ನಷ್ಟವಿಲ್ಲ ಎಂಬ ಭಾವನೆ ಬಲವಾಗಿ ಬೇರೂರಿತು. ಬೇರೆ ಕಾರಣಕ್ಕಾಗಿ ಹೊಟ್ಟೆ ತೆರೆದಾಗ 'ಹೇಗೂ ಕೈಹಾಕಿದ್ದೇವೆ' ಎಂದು ಆರೋಗ್ಯವಾಗಿದ್ದ ಕರುಳುಬಾಲವನ್ನೂ ಕತ್ತರಿಸಿ ತೆಗೆಯುವ ಪದ್ಧತಿ ಬಹುಕಾಲ ಇದ್ದಿತು.

ನಷ್ಟವಿಲ್ಲವೆಂಬುದು ಅಷ್ಟು ನಿಜವಲ್ಲ. ಕರುಳುಬಾಲದ ಗೋಡೆಯಲ್ಲಿ ರೋಗನಿರೋಧಕ ಕಣಗಳ ದಟ್ಟವಾದ ಗುಂಪುಗಳಿವೆ. ಗಂಟಲಿನ ಟಾನ್ಸಿಲ್ಲಿಗೂ ಇದಕ್ಕೂ ಈ ವಿಷಯದಲ್ಲಿ ಹತ್ತಿರದ ಸಾದೃಶ್ಯ. ಕರುಳಿನಲ್ಲಿ ವಾಸಿಸುವ ಅಸಂಖ್ಯ ಸೂಕ್ಷ್ಮಜೀವಿಗಳಲ್ಲಿ ಯಾವುದನ್ನು ಸಹಿಸಬೇಕು, ಯಾವುದರ ಮೇಲೆ ಹೋರಾಡಬೇಕು ಎಂಬುದನ್ನು ಈ ಕಣಗಳು ಇಂತಹ ತಾಣಗಳಲ್ಲಿ ಕಲಿಯುತ್ತವೆ. 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಸಂಶೋಧಕರು ಇನ್ನೊಂದು ಸೂಚನೆಯನ್ನು ಮುಂದಿಟ್ಟರು. ಅತಿಸಾರದಿಂದ ಕರುಳು ಬರಿದಾದಾಗ ಅದನ್ನು ಮತ್ತೆ ತುಂಬಲು ಬೇಕಾದ ಹಿತಕರ ಜೀವಿಗಳು ಈ ಮೂಲೆಯಲ್ಲಿ ಸುರಕ್ಷಿತವಾಗಿ ಉಳಿದಿರುತ್ತವೆ ಎಂಬುದೇ ಅದು. ನಾಳೆಯ ಮೊಸರಿಗೆಂದು ಮನೆಯಾಕೆ ಹೆಪ್ಪನ್ನು ತೆಗೆದಿರಿಸುವುದಿಲ್ಲವೆ, ಹಾಗೆ.

ಹೀಗೆ ಒಂದು ಕೆಲಸವುಳ್ಳ ಅಂಗವನ್ನು ತೆಗೆದುಹಾಕಿದಾಗ ಕರುಳಿನ ಉಳಿದ ಭಾಗಕ್ಕೆ ಏನಾಗುತ್ತದೆ? ಇದಕ್ಕೆ ದೊರೆತ ಉತ್ತರ ಯಾರೂ ನಿರೀಕ್ಷಿಸದೆ ಇದ್ದಂಥದು. ಅದನ್ನು ತಿಳಿಯುವ ಮೊದಲು ಎರಡು ರೋಗಗಳ ಪರಿಚಯ ಅವಶ್ಯ.

ಒಂದು, ಅಲ್ಸರೇಟಿವ್ ಕೊಲೈಟಿಸ್. ದೊಡ್ಡಕರುಳಿನ ಒಳಪೊರೆ ಗುದದ್ವಾರದ ಬಳಿಯಿಂದ ಮೊದಲ್ಗೊಂಡು ಮೇಲಕ್ಕೆ ಹುಣ್ಣಾಗುತ್ತ ಹೋಗುವ ಕಾಯಿಲೆ ಇದು. ರಕ್ತಮಿಶ್ರಿತ ಭೇದಿ, ದಿನಕ್ಕೆ ಹತ್ತು ಹದಿನೈದು ಬಾರಿ ಓಡಬೇಕಾದ ಸಂಕಟ. ಕೆಲಕಾಲ ಅಡಗಿ, ಮತ್ತೆ ಮರುಕಳಿಸುವ ಸ್ವಭಾವ. ಔಷಧಗಳಿಗೆ ಬಗ್ಗದಿದ್ದರೆ ದೊಡ್ಡಕರುಳನ್ನೇ ತೆಗೆಯಬೇಕಾಗುವುದೂ ಉಂಟು. ಇನ್ನೊಂದು, ಕ್ರೋನ್ ರೋಗ. 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಒಪೆನ್‌ಹೈಮರ್ ಎಂಬ ಮೂವರು ವೈದ್ಯರು ವರ್ಣಿಸಿದ ಈ ರೋಗವು ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ, ಕರುಳಗೋಡೆಯ ಪೂರ್ಣ ದಪ್ಪವನ್ನೂ ವ್ಯಾಪಿಸಬಲ್ಲುದು. ಸಣ್ಣಕರುಳಿನ ತುದಿಯೇ ಅದರ ಮೆಚ್ಚಿನ ನೆಲೆ. ಎರಡೂ ಪಾಶ್ಚಾತ್ಯ ದೇಶಗಳ ರೋಗಗಳೆಂಬ ನಂಬಿಕೆ ನಮ್ಮಲ್ಲಿದ್ದಿತು. ಪಂಜಾಬಿನಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಕೊಲೈಟಿಸ್ ಇರುವುದನ್ನು ತೋರಿಸಿ ಆ ನಂಬಿಕೆಯನ್ನು ಸಡಿಲಿಸಿತು.

ಈಗ ಉತ್ತರಕ್ಕೆ ಬರೋಣ. ಬೆಲ್ಜಿಯಮ್ಮಿನ ಲೂವೆನ್ ನಗರದ ವೈದ್ಯರು 174 ಮಂದಿ ಕೊಲೈಟಿಸ್ ರೋಗಿಗಳನ್ನು ವಿಚಾರಿಸಿ ನೋಡಿದರು. ಅವರಲ್ಲಿ ಕರುಳುಬಾಲ ತೆಗೆಸಿಕೊಂಡಿದ್ದವನು ಒಬ್ಬನೇ ಒಬ್ಬ! ಹೋಲಿಕೆಗೆಂದು ಆರಿಸಿದ್ದ 161 ಮಂದಿ ಇತರರಲ್ಲಾದರೋ 41 ಮಂದಿ ತೆಗೆಸಿಕೊಂಡಿದ್ದರು. 1994ರಲ್ಲಿ ಪ್ರಕಟವಾದ ಈ ಅಂಕಿಗಳು ಎಷ್ಟು ಸ್ಪಷ್ಟವಾಗಿದ್ದುವೆಂದರೆ ಆಕಸ್ಮಿಕವೆಂದು ತಳ್ಳಿಹಾಕುವಂತಿರಲಿಲ್ಲ. ಬಳಿಕ ಸ್ವೀಡನ್ ದೇಶದಲ್ಲಿ, ಆಸ್ಪತ್ರೆಗಳ ದಾಖಲೆಗಳನ್ನಿಟ್ಟುಕೊಂಡು, 50 ವರ್ಷದೊಳಗೆ ಈ ಶಸ್ತ್ರಕ್ರಿಯೆಯಾಗಿದ್ದ 2,12,963 ಮಂದಿಯನ್ನು ಅಷ್ಟೇ ಸಂಖ್ಯೆಯ ಇತರರೊಡನೆ ಹೋಲಿಸಲಾಯಿತು. 2001ರಲ್ಲಿ ಹೊರಬಂದ ಅದರ ಫಲಿತಾಂಶ ವಿಷಯವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು. ನಿಜವಾಗಿ ಕರುಳುಬಾಲದ ಉರಿಯೂತವಾಗಿ, ಇಪ್ಪತ್ತನೆಯ ವಯಸ್ಸಿಗೆ ಮುಂಚೆ ಶಸ್ತ್ರಕ್ರಿಯೆಯಾಗಿದ್ದವರಲ್ಲಿ ಮಾತ್ರ ಕೊಲೈಟಿಸ್ ಕಡಿಮೆ. ಕಾರಣ ತಿಳಿಯದ ಹೊಟ್ಟೆನೋವಿಗೆಂದು ತೆಗೆಸಿಕೊಂಡವರಿಗೆ ಆ ರಕ್ಷಣೆ ಇಲ್ಲ.

ಹಾಗಾದರೆ ರಕ್ಷಿಸಿದುದು ಶಸ್ತ್ರವೋ ಉರಿಯೂತವೋ? ಅಪೆಂಡಿಸೈಟಿಸ್ ಬರುವಂತಹ ಶರೀರಪ್ರಕೃತಿಯೇ ಕೊಲೈಟಿಸನ್ನು ದೂರವಿಡುವಂಥದಾಗಿದ್ದು, ಶಸ್ತ್ರವೈದ್ಯನಿಗೆ ಸುಮ್ಮನೆ ಕೀರ್ತಿ ಬಂದಿರಬಹುದಷ್ಟೆ? ಈ ಸಂಶಯ ನ್ಯಾಯವಾದುದೇ. ಆದರೆ 1996ರಲ್ಲಿ ಬಾಸ್ಟನ್ನಿನ ಸಂಶೋಧಕರು ಇಲಿಗಳ ಮೇಲೆ ಮಾಡಿದ್ದ ಪ್ರಯೋಗವು ಬೇರೊಂದು ಕಡೆಗೆ ಬೆರಳು ತೋರುತ್ತಿದ್ದಿತು. ತಾವಾಗಿಯೇ ಕೊಲೈಟಿಸಿಗೆ ತುತ್ತಾಗುವ ಒಂದು ತಳಿಯಲ್ಲಿ, ಸುಮಾರು ಒಂದು ತಿಂಗಳ ಮರಿಗಳ ಕರುಳುಬಾಲವನ್ನು ತೆಗೆದರೆ ದೊಡ್ಡವಾದ ಮೇಲೆ ಅವುಗಳಿಗೆ ರೋಗ ಬರುತ್ತಿದ್ದುದು ತೀರ ಅಪೂರ್ವ. ತೆಗೆಯದೆ ಬಿಟ್ಟ ಇಲಿಗಳಲ್ಲಿ ಬಹುಪಾಲಿಗೆ ಬರುತ್ತಿದ್ದಿತು. ದೊಡ್ಡಕರುಳನ್ನು ಕೆಣಕುವ ಕಣಗಳು ಕರುಳುಬಾಲದಲ್ಲೇ ತರಬೇತಾಗಿ ಹೊರಡುವುವೆಂದು ಊಹಿಸಲು ಇದು ಇಂಬುಗೊಟ್ಟಿತು. ಮನುಷ್ಯರಲ್ಲಿಯೂ ಕೆಲವು ಕೊಲೈಟಿಸ್ ರೋಗಿಗಳ ದೊಡ್ಡಕರುಳಿನ ಎಡಭಾಗ ಮಾತ್ರ ಹುಣ್ಣಾಗಿ, ನಡುವಣ ಭಾಗ ಆರೋಗ್ಯವಾಗಿದ್ದು, ದೂರದ ಬಲತುದಿಯಲ್ಲಿ ಕರುಳುಬಾಲದ ಬಾಯಿಯ ಸುತ್ತ ಪ್ರತ್ಯೇಕವಾದ ಕೆಂಪು ಮಚ್ಚೆಯೊಂದು ಕಾಣುವುದುಂಟು.

ಊಹೆಯನ್ನು ಒರೆಗೆ ಹಚ್ಚುವುದಕ್ಕೆ ನೇರವಾದ ಪರೀಕ್ಷೆಯೊಂದು ಬೇಕಾಗಿದ್ದಿತು. ನೆದರ್ಲೆಂಡ್ಸ್, ಐರ್ಲೆಂಡ್, ಬ್ರಿಟನ್ ದೇಶಗಳ 22 ಆಸ್ಪತ್ರೆಗಳು ಕೂಡಿ ಅದನ್ನು ನಡೆಸಿ, 2025ರಲ್ಲಿ ಫಲಿತಾಂಶವನ್ನು ಪ್ರಕಟಿಸಿದುವು. ಹಿಂದಿನ ಒಂದು ವರ್ಷದಲ್ಲಿ ರೋಗ ಕೆರಳಿ, ಔಷಧದಿಂದ ಶಮನಗೊಂಡಿದ್ದ ಕೊಲೈಟಿಸ್ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡಗಳಾಗಿ ವಿಭಾಗಿಸಿದರು. ಒಂದಕ್ಕೆ ಔಷಧ ಮಾತ್ರ; ಇನ್ನೊಂದಕ್ಕೆ ಔಷಧದ ಜೊತೆಗೆ ಕರುಳುಬಾಲದ ಶಸ್ತ್ರಕ್ರಿಯೆ. ವರ್ಷದೊಳಗೆ ಮೊದಲನೆಯ ಪಂಗಡದಲ್ಲಿ ನೂರಕ್ಕೆ 56 ಮಂದಿಗೆ ರೋಗ ಮರುಕಳಿಸಿತು. ಎರಡನೆಯದರಲ್ಲಿ ನೂರಕ್ಕೆ 36 ಮಂದಿಗೆ. ಇದು ರೋಗನಿರ್ಮೂಲನವಲ್ಲ, ಆದರೆ ಅಲ್ಪವಾದ ಲಾಭವೂ ಅಲ್ಲ.

ಇದನ್ನೋದಿ ಆರೋಗ್ಯವಂತರು ಮುಂಜಾಗ್ರತೆಯೆಂದು ಶಸ್ತ್ರವೈದ್ಯನ ಬಳಿಗೆ ಧಾವಿಸುವುದು ಮಾತ್ರ ಅವಿವೇಕ. ಲಕ್ಷದಲ್ಲಿ ನಲವತ್ತು ಐವತ್ತು ಮಂದಿಗೆ ಬರುವ ರೋಗಕ್ಕೆ ಅಂಜಿ ಲಕ್ಷ ಮಂದಿಯ ಹೊಟ್ಟೆ ಕೊಯ್ಯಬೇಕಾದೀತು. ರೋಗಿಗಳಿಗೂ ಒಂದು ಎಚ್ಚರಿಕೆಯುಂಟು. ಕೊಲೈಟಿಸ್ ಕಾರಣದಿಂದ ದೊಡ್ಡಕರುಳನ್ನು ತೆಗೆಸಿಕೊಂಡವರನ್ನು ಪರಿಶೀಲಿಸಿದ 2016ರ ಫ್ರೆಂಚ್ ಅಧ್ಯಯನವೊಂದರಲ್ಲಿ, ಮೊದಲೇ ಕರುಳುಬಾಲವನ್ನು ಕಳೆದುಕೊಂಡಿದ್ದವರ ಕರುಳಿನಲ್ಲಿ ಕ್ಯಾನ್ಸರಿನ ಬೆಳವಣಿಗೆ ಹೆಚ್ಚಾಗಿ ಕಂಡುಬಂದಿತ್ತು. ಹುಣ್ಣು ತಣ್ಣಗಾಗಿ ದೊಡ್ಡಕರುಳು ಹೆಚ್ಚುಕಾಲ ದೇಹದಲ್ಲಿ ಉಳಿದುದೇ ಇದಕ್ಕೆ ಕಾರಣವಿರಬಹುದು. ಆದರೂ ಲಾಭನಷ್ಟಗಳನ್ನು ತೂಗುವಾಗ ಇದನ್ನು ತಕ್ಕಡಿಗೆ ಹಾಕದೆ ಬಿಡಬಾರದು.

ಕ್ರೋನ್ ರೋಗದ ಕಥೆ ತಲೆಕೆಳಗು. ಕರುಳುಬಾಲ ತೆಗೆಸಿಕೊಂಡವರಲ್ಲಿ ಈ ರೋಗ ಹೆಚ್ಚೆಂದು ಲೆಕ್ಕಗಳು ಹೇಳಿದುವು. ಆದರೆ ಆ ಹೆಚ್ಚಳ ಶಸ್ತ್ರಕ್ರಿಯೆಯ ಮೊದಲ ಕೆಲವು ತಿಂಗಳಲ್ಲಿಯೇ ತೀವ್ರವಾಗಿದ್ದು, ವರ್ಷಗಳು ಕಳೆದಂತೆ ಕರಗಿಹೋಗುವುದನ್ನು ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳ ದಾಖಲೆಗಳು ತೋರಿಸಿದುವು. ವಿವರಣೆ ಸರಳ: ಸಣ್ಣಕರುಳಿನ ತುದಿಯಲ್ಲಿ ಕ್ರೋನ್ ರೋಗ ಆರಂಭವಾದಾಗ ನೋವು ಬರುವುದು ಅಪೆಂಡಿಕ್ಸಿನ ಜಾಗದಲ್ಲಿಯೇ. ವೈದ್ಯನು ಅಪೆಂಡಿಸೈಟಿಸ್ ಎಂದೆಣಿಸಿ ಕೊಯ್ಯುತ್ತಾನೆ. ಮೂಲರೋಗ ತರುವಾಯ ಬಯಲಾಗುತ್ತದೆ. ನಮ್ಮ ದೇಶದಲ್ಲಾದರೋ ಅದೇ ಜಾಗದಲ್ಲಿ ಕರುಳಿನ ಕ್ಷಯವೂ ನೆಲೆಸುವುದರಿಂದ ಗೊಂದಲ ಮೂರು ಪಟ್ಟು. ಶಸ್ತ್ರಕ್ರಿಯೆಯಾಗಿಯೂ ನೋವು, ಜ್ವರ, ತೂಕದ ಇಳಿತ ಮುಂದುವರಿದರೆ ಈ ಎರಡನ್ನೂ ಹುಡುಕಬೇಕು.

ಕೊನೆಯದಾಗಿ ಯಕೃತ್ತು. ಹಲವು ಹಳ್ಳಗಳ ನೀರು ಕೂಡಿ ಒಂದೇ ಕೆರೆಗೆ ಹರಿಯುವಂತೆ ಕರುಳಿನ ರಕ್ತವೆಲ್ಲ ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತನ್ನು ಸೇರುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಇದೇ. ಪ್ರತಿಜೀವಕ ಔಷಧಗಳಿಲ್ಲದ ಕಾಲದಲ್ಲಿ ಕರುಳುಬಾಲದ ಕೀವು ಈ ಹಾದಿಯಲ್ಲಿ ಮೇಲೇರಿ ಯಕೃತ್ತಿನಲ್ಲಿ ಕೀವುಗಡ್ಡೆಗಳೆದ್ದು ರೋಗಿಗಳು ಸಾಯುತ್ತಿದ್ದುದುಂಟು. ಕೊಲೈಟಿಸಿಗೂ ಯಕೃತ್ತಿಗೂ ಇರುವ ನಂಟು ಇನ್ನೂ ಗೂಢವಾದುದು. ಕೊಲೈಟಿಸ್ ರೋಗಿಗಳಲ್ಲಿ ನೂರಕ್ಕೆ ಸುಮಾರು ಐದು ಮಂದಿಗೆ ಯಕೃತ್ತಿನ ಒಳಹೊರಗಿನ ಪಿತ್ತನಾಳಗಳು ಉರಿಯೂತದಿಂದ ಗಟ್ಟಿಯಾಗಿ, ಅಲ್ಲಲ್ಲಿ ಕಿರಿದಾಗುತ್ತವೆ. ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್ ಎಂಬ ಉದ್ದನೆಯ ಹೆಸರಿನ ಈ ರೋಗ ಮೆಲ್ಲನೆ ಸಿರೋಸಿಸಿಗೂ, ಕೆಲವರಲ್ಲಿ ಪಿತ್ತನಾಳದ ಕ್ಯಾನ್ಸರಿಗೂ ದಾರಿಮಾಡಿಕೊಡುತ್ತದೆ. ತಡೆಯಬಲ್ಲ ಔಷಧ ದೊರೆತಿಲ್ಲ. ಕೊನೆಯ ಹಂತದಲ್ಲಿ ಯಕೃತ್ತಿನ ಬದಲಾವಣೆಯೊಂದೇ ಉಪಾಯ.

ಕೊಲೈಟಿಸನ್ನು ತಡೆಯುವ ಶಸ್ತ್ರಕ್ರಿಯೆ ಅದರ ಸಂಗಾತಿಯನ್ನೂ ತಡೆಯಬೇಕೆಂದು ಯಾರಾದರೂ ನಿರೀಕ್ಷಿಸುವರು. 2002ರಲ್ಲಿ ಇಂಗ್ಲೆಂಡಿನಲ್ಲಿಯೂ 2004ರಲ್ಲಿ ಆಸ್ಟ್ರೇಲಿಯದಲ್ಲಿಯೂ ಲೆಕ್ಕಹಾಕಿ ನೋಡಿದಾಗ ಹಾಗಾಗಲಿಲ್ಲ. ಪಿತ್ತನಾಳದ ರೋಗಿಗಳಲ್ಲಿ ಕರುಳುಬಾಲ ತೆಗೆಸಿಕೊಂಡವರ ಪ್ರಮಾಣ ಇತರ ಜನರಲ್ಲಿದ್ದಷ್ಟೇ ಇದ್ದಿತು. ಅಷ್ಟೇಕೆ, ದೊಡ್ಡಕರುಳನ್ನೇ ಪೂರ್ತಿಯಾಗಿ ತೆಗೆದರೂ ಪಿತ್ತನಾಳದ ರೋಗ ತನ್ನ ಪಾಡಿಗೆ ಮುಂದುವರಿಯುವುದುಂಟು. ಕರುಳಿನಲ್ಲಿ ತರಬೇತಾದ ಬಿಳಿಯ ರಕ್ತಕಣಗಳು ವರ್ಷಗಳ ಹಿಂದೆಯೇ ಯಕೃತ್ತಿಗೆ ವಲಸೆ ಹೋಗಿ ಅಲ್ಲಿ ಬೀಡುಬಿಟ್ಟಿರುತ್ತವೆಂದು ಬರ್ಮಿಂಗ್‌ಹ್ಯಾಮಿನ ಸಂಶೋಧಕರು ಇದಕ್ಕೆ ಸಮಾಧಾನ ಹೇಳಿದ್ದಾರೆ.

ಪಿತ್ತನಾಳದ ರೋಗ ಹೊಕ್ಕವರಲ್ಲಿ ಕೊಲೈಟಿಸಿನ ಬಾಧೆ ಅನೇಕವೇಳೆ ತೀರ ಸೌಮ್ಯ; ರೋಗಿಗೆ ಕರುಳು ಹಿತವಾಗಿಯೇ ಇದೆಯೆನಿಸುತ್ತದೆ. ಆದರೆ ಅವರ ದೊಡ್ಡಕರುಳಿಗೆ ಕ್ಯಾನ್ಸರ್ ಬರುವ ಸಂಭವ ಉಳಿದ ಕೊಲೈಟಿಸ್ ರೋಗಿಗಳಿಗಿಂತ ಹೆಚ್ಚು. ಆದಕಾರಣ ಕೊಲೈಟಿಸ್ ಇರುವವರ ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ, ಕಾಮಾಲೆ ಕಾಣದಿದ್ದರೂ, ಪಿತ್ತನಾಳಗಳ ಎಂ.ಆರ್.ಐ. ಚಿತ್ರ ತೆಗೆಸುತ್ತಾರೆ. ರೋಗವಿದೆಯೆಂದು ಖಚಿತವಾದರೆ ಅಂದಿನಿಂದಲೇ ವರ್ಷಕ್ಕೊಮ್ಮೆ ದೊಡ್ಡಕರುಳಿನ ದರ್ಶಕಪರೀಕ್ಷೆ ನಡೆಯಬೇಕು; ಕರುಳುಬಾಲ ಹೊಟ್ಟೆಯಲ್ಲಿರಲಿ, ಇಲ್ಲದಿರಲಿ.