ಹೆಸರು ಮುಚ್ಚಿದ ಕೊಠಡಿಯ ಬೆಲೆ

ಹೊನ್ನೂರಿನ ಸುತ್ತಮುತ್ತ, ಕೊಳ್ಳೇಗಾಲ ಯಳಂದೂರುಗಳ ಸೀಮೆಯಲ್ಲಿ ಬೆಳೆದವರಿಗೆ ರೇಷ್ಮೆಗೂಡಿನ ವ್ಯಾಪಾರವನ್ನು ವಿವರಿಸಬೇಕಾಗಿಲ್ಲ. ಹುಳು ಗೂಡು ಕಟ್ಟಿ ಮುಗಿಸಿದ ಮೇಲೆ ರೈತನಿಗೆ ಉಳಿಯುವ ಕಾಲ ಬಹಳ ಸ್ವಲ್ಪ. ಹತ್ತು ಹನ್ನೆರಡು ದಿನಗಳಾಗುವಷ್ಟರಲ್ಲಿ ಒಳಗಿನ ಕೋಶವು ಪತಂಗವಾಗಿ ಗೂಡನ್ನು ತೂತುಮಾಡಿಕೊಂಡು ಹೊರಬೀಳುತ್ತದೆ. ತೂತು ಬಿದ್ದ ಗೂಡಿನಿಂದ ಅಖಂಡವಾದ ಎಳೆ ಬರುವುದಿಲ್ಲ. ಆದಕಾರಣ ಮಾರುಕಟ್ಟೆಗೆ ಗೂಡು ತಂದವನು, ಹರಾಜಿನ ಬೆಲೆ ಮನಸ್ಸಿಗೆ ಒಪ್ಪದಿದ್ದರೂ, ಹೆಚ್ಚು ಕಾಲ ಹಟ ಹಿಡಿಯಲಾರನು.

ದೊಡ್ಡ ನಗರದ ಹೋಟೆಲಿನ ಕೊಠಡಿಯೂ ಇಂಥದೇ ಒಂದು ಸರಕು. (ನಮ್ಮ ಕಡೆ ಹೋಟೆಲೆಂದರೆ ಇಡ್ಲಿ ಕಾಫಿಯ ಸ್ಥಳ, ಮಲಗುವುದು ಲಾಡ್ಜಿನಲ್ಲಿ. ಈ ಲೇಖನದಲ್ಲಿ ಮಲಗುವ ಜಾಗವನ್ನೇ ಹೋಟೆಲೆಂದು ಕರೆಯುತ್ತೇವೆ.) ಅದರ ಆಯುಷ್ಯ ಗೂಡಿಗಿಂತಲೂ ಕಡಿಮೆ, ಒಂದೇ ರಾತ್ರಿ. ಈ ಹೊತ್ತು ಖಾಲಿ ಉಳಿದ ಕೊಠಡಿಯನ್ನು ನಾಳೆ ಮಾರಲು ಬರುವುದಿಲ್ಲ. ನಾಳೆ ಮಾರುವುದು ನಾಳೆಯ ಕೊಠಡಿಯನ್ನು. ಕಟ್ಟಡದ ಸಾಲದ ಬಡ್ಡಿ, ನೌಕರರ ಸಂಬಳ ಮೊದಲಾದ ಖರ್ಚುಗಳು ಅತಿಥಿ ಬಂದರೂ ಬರದಿದ್ದರೂ ನಡೆದೇ ಇರುತ್ತವೆ. ಒಬ್ಬ ಅತಿಥಿ ಹೆಚ್ಚಿಗೆ ಬಂದರೆ ತಗಲುವುದು ನೀರು, ದೀಪ, ಹಾಸಿಗೆಯ ಬಟ್ಟೆ ಒಗೆಸುವ ವೆಚ್ಚ ಮಾತ್ರ. ಹೀಗಿರುವಲ್ಲಿ ಸಂಜೆಯಾದೊಡನೆ ಉಳಿದ ಕೊಠಡಿಗಳನ್ನು ಅರ್ಧ ಬೆಲೆಗೆ ಮಾರಿಬಿಡಬಾರದೇಕೆ?

ಬಹಿರಂಗವಾಗಿ ಮಾರಿದರೆ ಮಾಲೀಕನಿಗೆ ಎರಡು ಕಷ್ಟಗಳುಂಟು. ಪೂರ್ತಿ ಬೆಲೆ ಕೊಡಲು ಸಿದ್ಧನಾಗಿದ್ದ ಗಿರಾಕಿಯೂ ಮುಂದಿನ ಸಲ ಸಂಜೆಯವರೆಗೆ ಕಾಯಲು ಕಲಿಯುತ್ತಾನೆ. ಮತ್ತೊಂದು, ಹೋಟೆಲುಗಳಿಗೂ ಅವುಗಳ ಕೊಠಡಿಗಳನ್ನು ಅಂತರಜಾಲದಲ್ಲಿ ಮಾರುವ ಸಂಸ್ಥೆಗಳಿಗೂ ಇರುವ ಒಪ್ಪಂದ. ನಮ್ಮಲ್ಲಿ ಕೊಡುವ ದರಕ್ಕಿಂತ ಕಡಿಮೆಗೆ ಬೇರೆಡೆ ಮಾರಕೂಡದು ಎಂಬ ಷರತ್ತು ಅದರಲ್ಲಿರುವುದುಂಟು. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಮೇಕ್‌ಮೈಟ್ರಿಪ್ ಮತ್ತು ಗೋಐಬಿಬೋಗಳಿಗೆ 223 ಕೋಟಿ ರೂಪಾಯಿಗೂ ಮೀರಿದ ದಂಡದ ಆದೇಶ ಹೊರಡಿಸಿದಾಗ ವಿಚಾರಣೆಗೆ ಬಂದ ಸಂಗತಿಗಳಲ್ಲಿ ಇಂಥ ಷರತ್ತೂ ಒಂದಾಗಿತ್ತು.

ಈ ಎರಡು ಕಷ್ಟಗಳನ್ನೂ ಒಂದೇ ಏಟಿಗೆ ನಿವಾರಿಸುವ ಉಪಾಯವೆಂದರೆ ಬೆಲೆಯನ್ನು ತೋರಿಸಿ ಹೆಸರನ್ನು ಮುಚ್ಚುವುದು. ಅಮೆರಿಕದಲ್ಲಿ ಪ್ರೈಸ್‌ಲೈನ್ ಎಂಬ ಸಂಸ್ಥೆ 1998ರಲ್ಲಿ ಇದನ್ನು ಹರಾಜಿನ ರೂಪದಲ್ಲಿ ಆರಂಭಿಸಿತು. ಕೊಳ್ಳುವವನು ನಗರವನ್ನೂ ಬಡಾವಣೆಯನ್ನೂ ಹೋಟೆಲಿನ ದರ್ಜೆಯನ್ನೂ ಆರಿಸಿ, ತಾನು ಕೊಡಬಲ್ಲ ಬೆಲೆಯನ್ನು ಕೂಗಬೇಕು. ಯಾವುದಾದರೂ ಹೋಟೆಲು ಒಪ್ಪಿತೆಂದರೆ ಹಣ ಅಲ್ಲಿಗೇ ಕಡಿತವಾಗುವುದು. ಹೆಸರು ತಿಳಿಯುವುದು ಆಮೇಲೆ. 2000ದಲ್ಲಿ ಬಂದ ಹಾಟ್‌ವೈರ್ ಹರಾಜನ್ನು ಬಿಟ್ಟು, ಬೆಲೆಯನ್ನು ತಾನೇ ಸೂಚಿಸಿ ಹೆಸರನ್ನಷ್ಟೇ ಮರೆಮಾಡಿತು. ಪ್ರೈಸ್‌ಲೈನಿನ ಕೂಗುವ ಪದ್ಧತಿ ಈಗ ನಿಂತುಹೋಗಿದೆ. ಬೆಲೆ ತೋರಿಸಿ ಹೆಸರು ಮುಚ್ಚುವ ಪದ್ಧತಿ ಉಳಿದಿದೆ. ಹೊರದೇಶದ ನಗರಗಳಲ್ಲಿ ಓದುವ, ದುಡಿಯುವ ನಮ್ಮ ಕಡೆಯ ಯುವಕ ಯುವತಿಯರಿಗೆ ಇದು ಎದುರಾಗುವುದು ಸಹಜ.

ಮಾಲೀಕನು ಯಾವಾಗ ಕೊಠಡಿಯನ್ನು ಈ ಅಗ್ಗದ ಅಂಗಡಿಗೆ ಬಿಡುತ್ತಾನೆ? ಇದಕ್ಕೊಂದು ಸರಳವಾದ ಗಣಿತವಿದೆ. ಬಿ.ಓ.ಎ.ಸಿ. ಎಂಬ ಬ್ರಿಟಿಷ್ ವಿಮಾನ ಸಂಸ್ಥೆಯಲ್ಲಿದ್ದ ಕೆನ್ ಲಿಟಲ್‌ವುಡ್ ಎಂಬಾತ 1972ರಲ್ಲಿ ವಿಮಾನದ ಆಸನಗಳಿಗಾಗಿ ಇದನ್ನು ನಿರೂಪಿಸಿದನು. ಕೊಠಡಿಯ ಪೂರ್ತಿ ಬೆಲೆ 5,000 ರೂಪಾಯಿ, ಅಗ್ಗದ ಬೆಲೆ 3,000 ರೂಪಾಯಿ ಎಂದಿಟ್ಟುಕೊಳ್ಳೋಣ. ಪೂರ್ತಿ ಬೆಲೆಯ ಗಿರಾಕಿ ಬರುವ ಸಂಭವನೀಯತೆ 0.9 ಆಗಿದ್ದರೆ ಕಾಯುವುದರ ಬೆಲೆ 4,500, ಕಾಯುವುದೇ ಲೇಸು. ಅದು 0.3 ಆಗಿದ್ದರೆ ಕಾಯುವುದರ ಬೆಲೆ 1,500 ಮಾತ್ರ; ಈಗಲೇ 3,000ಕ್ಕೆ ಕೊಟ್ಟುಬಿಡುವುದು ಜಾಣತನ. ಎರಡೂ ಸಮನಾಗುವುದು 0.6ರಲ್ಲಿ, ಅಂದರೆ ಅಗ್ಗದ ಬೆಲೆಯನ್ನು ಪೂರ್ತಿ ಬೆಲೆಯಿಂದ ಭಾಗಿಸಿದಾಗ ಬರುವ ಸಂಖ್ಯೆಯಲ್ಲಿ. ಮೈಸೂರಿನಲ್ಲಿ ದಸರೆಯ ವಾರ ಈ ಸಂಭವನೀಯತೆ ಒಂದಕ್ಕೆ ಬಲು ಸಮೀಪವಾಗಿರುತ್ತದೆ; ಆಗ ಗುಪ್ತ ರಿಯಾಯಿತಿಯನ್ನು ಹುಡುಕುವುದು ಕಾಲಹರಣ. ಕಚೇರಿಯ ಕೆಲಸಕ್ಕೆ ಬರುವವರನ್ನೇ ನಂಬಿದ ಹೋಟೆಲುಗಳಲ್ಲಾದರೋ ಶನಿವಾರ ಭಾನುವಾರಗಳ ರಾತ್ರಿ ಅದು ಇಳಿಯುತ್ತದೆ.

ಇನ್ನು ಕೊಳ್ಳುವವನ ಕಡೆಗೆ ಬರೋಣ. ಹೆಸರು ಮುಚ್ಚಿದ್ದರೂ ಏನೂ ತಿಳಿಯದೆಂದಲ್ಲ. ಬಡಾವಣೆ, ದರ್ಜೆ, ಸೌಕರ್ಯಗಳ ಪಟ್ಟಿ, ಹಿಂದೆ ತಂಗಿದವರು ಕೊಟ್ಟ ಅಂಕ ಇವೆಲ್ಲ ಕಾಣುತ್ತವೆ. ಈ ಸುಳಿವುಗಳ ತೂಕವನ್ನು ಅಳೆಯಲು 1948ರಲ್ಲಿ ಕ್ಲಾಡ್ ಷ್ಯಾನನ್ ಕೊಟ್ಟ ಮಾನವೊಂದಿದೆ. ಸಮಾನ ಸಾಧ್ಯತೆಯ ಎರಡು ವಸ್ತುಗಳಲ್ಲಿ ಯಾವುದೆಂದು ತಿಳಿಯದಿರುವ ಸಂದೇಹಕ್ಕೆ ಒಂದು ಬಿಟ್ ಎಂದು ಹೆಸರು. ನಾಲ್ಕಾದರೆ ಎರಡು ಬಿಟ್, ಎಂಟಾದರೆ ಮೂರು.

ಒಂದು ಬಡಾವಣೆಯಲ್ಲಿ ಹೇಳಿದ ದರ್ಜೆಯ ಎಂಟು ಹೋಟೆಲುಗಳಿವೆಯೆನ್ನಿ. ನಮ್ಮ ಸಂದೇಹ ಮೂರು ಬಿಟ್. ಈಜುಕೊಳವುಂಟು ಎಂಬ ಸುಳಿವು ನಾಲ್ಕಕ್ಕೆ ಮಾತ್ರ ಹೊಂದಿದರೆ ಒಂದು ಬಿಟ್ ಕಳೆಯಿತು. ಅತಿಥಿಗಳು ಕೊಟ್ಟ ಅಂಕ ಆ ನಾಲ್ಕರಲ್ಲಿ ಎರಡಕ್ಕೆ ಸರಿಹೊಂದಿದರೆ ಮತ್ತೊಂದು ಕಳೆಯಿತು. ಬೆಳಗಿನ ಉಪಾಹಾರ ಉಚಿತ ಎಂಬ ಮೂರನೆಯ ಸುಳಿವು ಉಳಿದ ಎರಡಕ್ಕೂ ಹೊಂದುತ್ತದೆಯೆಂದು ಭಾವಿಸಿ. ಆಗ ಅದರಿಂದ ನಮಗೆ ದೊರೆತ ಮಾಹಿತಿ ಸೊನ್ನೆ. ಓದಲು ಆಕರ್ಷಕವಾದ ಸುಳಿವೆಲ್ಲ ತೂಕವುಳ್ಳದ್ದಲ್ಲ. ಎಲ್ಲರಿಗೂ ಹೊಂದುವ ಮಾತು ಯಾರನ್ನೂ ತೋರಿಸುವುದಿಲ್ಲ. ಉಳಿದ ಎರಡರಲ್ಲಿ ಒಂದು ಆರುನೂರು ಕೊಠಡಿಗಳ ಹೋಟೆಲು, ಇನ್ನೊಂದು ಅರವತ್ತರದು ಎಂದಾದರೆ ಸಾಧ್ಯತೆಗಳು ಸಮವಲ್ಲ. ದೊಡ್ಡದರಲ್ಲಿ ಉಳಿಯುವ ಕೊಠಡಿಗಳೂ ಹೆಚ್ಚು. ದೊಡ್ಡದರ ಸಂಭವನೀಯತೆ ಮುಕ್ಕಾಲು ಎಂದು ಅಂದಾಜು ಮಾಡಿದರೆ ಉಳಿದ ಸಂದೇಹ ಸುಮಾರು 0.81 ಬಿಟ್ಟಿಗೆ ಇಳಿಯುತ್ತದೆ. ಪತ್ತೇದಾರಿಯ ಈ ಆಟ ರುಚಿಕರವಾದದ್ದೇ. ಆದರೆ ಸಂದೇಹ ಎಷ್ಟು ಬಿಟ್ ಉಳಿಯಿತೆಂಬುದು ಮುಖ್ಯವಲ್ಲ. ತಪ್ಪಿದರೆ ನಮಗಾಗುವ ನಷ್ಟವೆಷ್ಟು ಎಂಬುದು ಮುಖ್ಯ.

ಇಂಥ ಅಂಗಡಿಯೊಂದು ಬೆಂಗಳೂರಿನ ಕೊಠಡಿಗಳನ್ನು ಮಾರುತ್ತಿದೆಯೆಂದು ಕಲ್ಪಿಸಿಕೊಳ್ಳೋಣ. ಹೊನ್ನೂರಿನ ವಿದ್ಯಾರ್ಥಿನಿಯೊಬ್ಬಳು ಪ್ರವೇಶ ಪರೀಕ್ಷೆಗೆ ಅಲ್ಲಿಗೆ ಹೋಗಬೇಕಾಗಿದೆ. ಬೆಳಿಗ್ಗೆ ಊರು ಬಿಟ್ಟು ಕೊಳ್ಳೇಗಾಲ, ಮಳವಳ್ಳಿಗಳ ಹಾದಿಯಲ್ಲಿ ಬಸ್ಸು ಹಿಡಿದರೆ ಪರೀಕ್ಷೆಯ ಹೊತ್ತಿಗೆ ತಲುಪುವುದು ದುಸ್ತರ. ಹಿಂದಿನ ದಿನವೇ ತಂದೆಯೊಡನೆ ಹೋಗಿ ತಂಗಬೇಕು. ಪರೀಕ್ಷಾ ಕೇಂದ್ರದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಹೆಸರುಳ್ಳ ಲಾಡ್ಜಿನ ಬಾಡಿಗೆ 2,000 ರೂಪಾಯಿ. ಹೆಸರು ಮುಚ್ಚಿದ ಕೊಠಡಿ 1,400ಕ್ಕೆ ಸಿಗುತ್ತದೆ. ಸುಳಿವುಗಳನ್ನು ಸೋಸಿದ ಮೇಲೆ ಅದು ನಾಲ್ಕು ಹೋಟೆಲುಗಳಲ್ಲಿ ಒಂದು. ಮೂರು ಹತ್ತಿರದವು, ನಾಲ್ಕನೆಯದು ದೂರದ್ದು, ಅಲ್ಲಿಂದ ಆಟೋಗೆ 400 ರೂಪಾಯಿ. ಉಳಿತಾಯ 600, ಅದರಲ್ಲಿ ಆಟೋದ ನಿರೀಕ್ಷಿತ ಖರ್ಚು, ಅಂದರೆ 400ರ ಕಾಲುಭಾಗವಾದ 100ನ್ನು ಕಳೆದರೆ 500 ರೂಪಾಯಿ ಲಾಭ. ಇಲ್ಲಿಗೆ ಲೆಕ್ಕವನ್ನು ನಿಲ್ಲಿಸಿದವರು ಮೋಸಹೋಗುತ್ತಾರೆ.

ದೂರದ ಹೋಟೆಲಿನಿಂದ ಹೊರಟಾಗ ವಾಹನಗಳ ದಟ್ಟಣೆಯಲ್ಲಿ ಸಿಕ್ಕಿ ಪರೀಕ್ಷೆ ತಪ್ಪುವ ಸಂಭವನೀಯತೆ ಐವತ್ತರಲ್ಲಿ ಒಂದು ಎನ್ನೋಣ. ಪರೀಕ್ಷೆ ತಪ್ಪಿದರೆ ಹೋಗುವುದು ಒಂದು ವರ್ಷ. ಅದಕ್ಕೆ ಒಂದು ಲಕ್ಷ ರೂಪಾಯಿಯೆಂದು ಬೆಲೆ ಕಟ್ಟಿದರೂ, ದೂರದ ಹೋಟೆಲು ಸಿಗುವ ಕಾಲುಭಾಗದ ಸಾಧ್ಯತೆಯನ್ನು ಐವತ್ತನೆಯ ಒಂದರಿಂದ ಗುಣಿಸಿ, ಬಂದದ್ದನ್ನು ಒಂದು ಲಕ್ಷದಿಂದ ಗುಣಿಸಿದರೆ 500 ರೂಪಾಯಿ! ಲಾಭವೆಲ್ಲ ಕರಗಿ ಸೊನ್ನೆಯಾಯಿತು. ಒಂದು ವರ್ಷಕ್ಕೆ ನಾವು ಕಟ್ಟಿದ ಬೆಲೆ ಬಹಳ ಕಡಿಮೆಯೆಂದು ಹೆಣ್ಣುಮಗುವಿನ ತಂದೆ ಹೇಳಿದರೆ ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಅದೇ ತಂದೆ ಮಗಳು ಲಾಲ್‌ಬಾಗನ್ನೂ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವನ್ನೂ ನೋಡಲು ಹೊರಟಿದ್ದರೆ ಅರ್ಧ ಗಂಟೆ ತಡವಾದರೂ ನಷ್ಟವಿಲ್ಲ. ಆಗ 500 ರೂಪಾಯಿ ನಿಜವಾದ ಲಾಭವೇ ಸರಿ. ಕೊಠಡಿ ಒಂದೇ, ಬೆಲೆ ಒಂದೇ. ಪ್ರಯಾಣದ ಉದ್ದೇಶ ಬದಲಾದಾಗ ಲೆಕ್ಕವೂ ಬದಲಾಯಿತು. ಗಿರಾಕಿಗಳನ್ನು ಬೇರ್ಪಡಿಸುವ ಮಾಲೀಕನ ಉಪಾಯವೂ ನಿಂತಿರುವುದು ಇದರ ಮೇಲೆಯೇ. ಜಾಗ ಇಂಥದೇ ಆಗಬೇಕೆನ್ನುವವರು ಹೆಸರಿಗಾಗಿ ಪೂರ್ತಿ ಹಣ ಕೊಡುತ್ತಾರೆ. ಎಲ್ಲಾದರೂ ಸರಿಯೆನ್ನುವವರು ತಾವಾಗಿಯೇ ಅಗ್ಗದ ಸಾಲಿಗೆ ಬಂದು ನಿಲ್ಲುತ್ತಾರೆ.

ಲೆಕ್ಕಕ್ಕೆ ಕೂರುವ ಮುನ್ನ ಗಮನಿಸಬೇಕಾದ ಷರತ್ತುಗಳು ಕೆಲವಿವೆ. ಹೆಸರು ಮುಚ್ಚಿದ ಕೊಠಡಿಯ ಹಣ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಪರೀಕ್ಷೆಯ ದಿನಾಂಕ ಮುಂದಕ್ಕೆ ಹೋದರೆ ಬಾಡಿಗೆಯೆಲ್ಲ ನಷ್ಟವೇ. ಕೊಠಡಿ ಇಬ್ಬರಿಗೆಂದು ಮಾತ್ರ ಖಚಿತವಾಗಿರುವುದುಂಟು. ಮಂಚ ಎರಡೋ ಒಂದೋ ಎಂಬುದು ಹೋಟೆಲಿಗೆ ಸೇರಿದ್ದು. ಆದ್ದರಿಂದ ಮೂವರು ಗೆಳೆಯರು ಹೊರಟಾಗ ಇದನ್ನು ನಂಬುವಂತಿಲ್ಲ. ನೂರಕ್ಕೆ ನಲವತ್ತು ರಿಯಾಯಿತಿ ಎಂದು ಬರೆದಿದ್ದರೆ ಯಾವ ಬೆಲೆಯ ಮೇಲೆ ಎಂದು ಕೇಳಬೇಕು. ಅದೇ ಬಡಾವಣೆಯ ಹೆಸರುಳ್ಳ ಹೋಟೆಲುಗಳ ಆ ರಾತ್ರಿಯ ದರವನ್ನು ನೋಡಿ ಹೋಲಿಸುವುದಕ್ಕೆ ಐದು ನಿಮಿಷ ಸಾಕು. ಹೋಲಿಸುವಾಗ ತೆರಿಗೆ ಸೇರಿದ ಮೊತ್ತವನ್ನೇ ತೆಗೆದುಕೊಳ್ಳಬೇಕು. ನಮ್ಮ ದೇಶದಲ್ಲಿ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಯವರೆಗಿನ ಕೊಠಡಿಗೆ ಜಿ.ಎಸ್.ಟಿ. ನೂರಕ್ಕೆ 5ರಂತೆ ಇದೆ; ಅದಕ್ಕೂ ಮೇಲ್ಪಟ್ಟದ್ದಕ್ಕೆ ನೂರಕ್ಕೆ 18.