ಕೈಗುಣದ ಜತೆಗೆ ಕಲಿಕೆಯೂ ಬೇಕು



ದಿನವಿಡೀ ಬಗ್ಗಿ ನಾಟಿ ಹಾಕಿದರೆ ಸೊಂಟ ಹಿಡಿಯುತ್ತದೆ. ಸಂಜೆ ಎಣ್ಣೆ ಕಾಯಿಸಿ ತಿಕ್ಕಿಸಿಕೊಂಡರೆ ಹಾಯೆನಿಸುತ್ತದೆ. ಬಿಗಿದ ಸ್ನಾಯುಗಳು ಸಡಿಲವಾಗಿ ನೋವು ಕೆಲಹೊತ್ತು ತಗ್ಗುವುದೇ ಇದಕ್ಕೆ ಕಾರಣ. ಆದರೆ ಎಲ್ಲ ನೋವಿಗೂ ತಿಕ್ಕುವುದು ಮದ್ದಲ್ಲ. ಈ ಕೆಳಗಿನ ಸಂದರ್ಭಗಳಲ್ಲಿ ತಿಕ್ಕಲೇಬಾರದು:

1. ಬಿದ್ದ ಏಟಿಗೆ ಕೈಕಾಲು ಸೊಟ್ಟಗಾಗಿದ್ದರೆ, ಇಲ್ಲವೆ ಕಾಲೂರಲು ಆಗದಿದ್ದರೆ. ಮೂಳೆ ಮುರಿದಿರಬಹುದು.
2. ಕಾಲು ಉಳುಕಿದ ಮೊದಲ ಎರಡು ಮೂರು ದಿನ.
3. ಜ್ವರ, ಗಾಯ ಅಥವಾ ಕೀವು ಇದ್ದಾಗ.
4. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ. ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ ಬಂದೀತು. ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು ಎಂಬ ಅರಿವೇ ಈ ವಿದ್ಯೆಯ ಅಡಿಪಾಯ. ಇದನ್ನು ಮನಗಂಡು 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು, ಅಂಗಮರ್ದನದಲ್ಲಿ ತರಬೇತಿ ಪಡೆದವರ ಸಂಘವೊಂದನ್ನು ಕಟ್ಟಿದರು. ವೃತ್ತಿಗೆ ಒಳ್ಳೆಯ ಹೆಸರನ್ನೂ ನಿಯಮಗಳನ್ನೂ ತರುವುದು ಅವರ ಉದ್ದೇಶ. ಆ ಸಂಘವೇ 1944ರಲ್ಲಿ ಫಿಜಿಯೋಥೆರಪಿ ಸಂಘವೆಂಬ ಹೆಸರು ಪಡೆಯಿತು.

ಇಂದು ಫಿಜಿಯೋಥೆರಪಿಯಲ್ಲಿ ತಿಕ್ಕುವುದು ಒಂದು ಸಣ್ಣ ಭಾಗ, ಅಂಗಸಾಧನೆಯೇ ಮುಖ್ಯ. ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡೆಯಲು ಕಲಿಸುವುದು, ಮೂಳೆ ಕೂಡಿದ ಮೇಲೆ ಮರಗಟ್ಟಿದ ಕೀಲನ್ನು ಆಡಿಸುವುದು, ಸೊಂಟ ನೋಯದಂತೆ ಮೂಟೆ ಎತ್ತುವ ಬಗೆ ತಿಳಿಸುವುದು, ಇವೆಲ್ಲ ಈ ವೃತ್ತಿಯವರ ಕೆಲಸ. ಇಂಥವರು ಹತ್ತಿರದಲ್ಲಿದ್ದರೆ ಹಾಸಿಗೆ ಹಿಡಿದ ಎಷ್ಟೋ ಮಂದಿ ಮರಳಿ ಹೊಲಕ್ಕೆ ಇಳಿಯಬಹುದು.

ನಿಮ್ಮ ಮಗನಿಗಾಗಲಿ ಮಗಳಿಗಾಗಲಿ ಈ ಕಡೆ ಒಲವಿದ್ದರೆ, ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿಸಿರಿ. ಮುಂದೆ ಪದವಿಗೆ, ಆಸ್ಪತ್ರೆಯ ತರಬೇತಿಯೂ ಸೇರಿ, ನಾಲ್ಕು ವರ್ಷಕ್ಕೆ ಮಿಕ್ಕಿದ ಓದು ಬೇಕು. 2021ರಲ್ಲಿ ಸಂಸತ್ತು ಮಾಡಿದ ಕಾಯಿದೆಯೊಂದು ಈ ವೃತ್ತಿಯನ್ನೂ ಒಂದು ರಾಷ್ಟ್ರೀಯ ಆಯೋಗದ ವ್ಯಾಪ್ತಿಗೆ ತಂದಿದೆ. ಕೆಲವೇ ವಾರಗಳ ಪ್ರಮಾಣಪತ್ರ ಈ ಪದವಿಗೆ ಸಮವಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮೊದಲು, ಆ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಮಾನ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ ಎಂದು ವಿಚಾರಿಸಿರಿ.

ಊರಲ್ಲಿ ತಿಕ್ಕಿ ನೀವುವ ಹಿರಿಯರ ಕೈಗುಣ ಸಣ್ಣದಲ್ಲ. ಅವರಿಗೂ ಮೇಲಿನ ನಾಲ್ಕು ಎಚ್ಚರಿಕೆಗಳನ್ನು ಓದಿ ಹೇಳಿರಿ.